ಸ್ನಾನಕ್ಕೆ ಮುಂಚಿನ ಪರೀಕ್ಷೆ

ಎರಡನೆಯ ಮಹಾಯುದ್ಧದ ಕಾಲ. ಮಳವಳ್ಳಿಯ ಶಾಲೆಯಲ್ಲಿ ನಾನು ಸಂಸ್ಕೃತ ಪಂಡಿತನಾಗಿದ್ದೆ. ನನ್ನ ಪತ್ನಿಯ ಮೊದಲ ಬಸಿರಿನಲ್ಲಿ ಮೈ ಬಾತು, ನಂಜೇರಿ, ಶಿಶು ಉಳಿಯಲಿಲ್ಲ. ಅವಳು ಉಳಿದದ್ದು ಭಗವಂತನ ಕೃಪೆ. ಎರಡನೆಯ ಸಲ ಆರು ತಿಂಗಳು ತುಂಬಿದಾಗ, ವಾರಕ್ಕೊಮ್ಮೆ ಮೂತ್ರಪರೀಕ್ಷೆ ತಪ್ಪಕೂಡದೆಂದು ಮಂಡ್ಯದ ಲೇಡಿ ಡಾಕ್ಟರು ವಿಧಿಸಿದರು. ಎರಡು ವಾರ ಹೋಗಿಬಂದೆವು. ಬಸ್ಸಿನ ಖರ್ಚು, ಪರೀಕ್ಷೆಯ ಶುಲ್ಕ ಸೇರಿ ಪಂಡಿತನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಆದರೂ ಪರೀಕ್ಷೆಯನ್ನು ಬಿಡಲು ನಾನು ಸಿದ್ಧನಿರಲಿಲ್ಲ.

ನಮ್ಮೂರ ಆಸ್ಪತ್ರೆಯ ಕಾಂಪೌಂಡರು ಒಕ್ಕಲುಮನೆತನದವರು, ನೇರ ಮಾತಿನವರು. ನನ್ನ ಕಷ್ಟ ಕೇಳಿ ಒಂದು ಗಾಜಿನ ನಳಿಗೆಯನ್ನೂ ಸ್ಪಿರಿಟ್ ದೀಪವನ್ನೂ ಆಸಿಡ್ಡಿನ ಸೀಸೆಯನ್ನೂ ಮುಂದಿಟ್ಟರು.

"ವಾರವಾರ ಅಲ್ಲಿಗೋಗಿ ದುಡ್ಡು ಸುರುದ್ರೆ ಮನೇಲಿ ಏನ್ ಬೇಯಿಸ್ತೀರಿ ಸ್ವಾಮಿ? ನೀವೇ ಕಾಯ್ಸಿ, ಈ ಆಸಿಡ್ಡು ಎಲ್ಡು ತೊಟ್ಟು ಬುಡಿ. ತಿಳಿಯಾಗಿದ್ರೆ ಸರಿ. ಮೊಟ್ಟೆ ಬೆಂದಂಗೆ ಬೆಳ್ಳಗಾದ್ರೆ... ನೀವೆಲ್ಲಿ ಮೊಟ್ಟೆ ನೋಡೀರಿ, ಹಾಲು ಒಡೆದಂಗಾದ್ರೆ ಅನ್ನಿ, ನಂಜು ಏರ್ತಾ ಅದೆ ಅಂತ, ತಡ ಮಾಡ್ಬ್ಯಾಡಿ."

ಹಿತ್ತಲಿನಲ್ಲಿ ದೀಪ ಹಚ್ಚಿದ ದಿನ ನನ್ನ ತಾಯಿ ಮುಖ ತಿರುಗಿಸಿದರು.

"ಜಪ ಮಾಡೋ ಕೈಯಲ್ಲಿ ಇದೇನೋ?"

"ಮುಗಿಸಿ ಸ್ನಾನ ಮಾಡ್ತೀನಮ್ಮ."

"ಮಾಡು, ಕಪ್ಪೆ ಹಾಗೆ ಮುಳುಗ್ತಾ ಇರು."

ಪತ್ನಿಗೂ ನಾಚಿಕೆ, ಮೂತ್ರದ ಪಾತ್ರೆಯನ್ನು ಬಾಳೆಲೆಯಿಂದ ಮುಚ್ಚಿ ಇಟ್ಟು ಹೋಗುತ್ತಿದ್ದಳು. ಪ್ರಾಣರಕ್ಷಣೆಗಾಗಿ ಅಂಟಿದ ಮೈಲಿಗೆ ನೀರಿನಿಂದ ಹೋಗುವುದೆಂದು ನಾನು ನಿಶ್ಚಯಿಸಿದ್ದೆ. ಪ್ರತಿ ಸೋಮವಾರ ಕಾಯಿಸುವುದು, ಮೀಯುವುದು, ಆಮೇಲೆ ಸಂಧ್ಯಾವಂದನೆ.

ಎಂಟನೆಯ ತಿಂಗಳ ಒಂದು ಸೋಮವಾರ ನಳಿಗೆಯ ಮೇಲ್ಭಾಗ ಬಿಳುಪೇರಿತು. ಆಸಿಡ್ಡು ಬಿಟ್ಟೆ, ಕರಗಲಿಲ್ಲ. ಇನ್ನೊಮ್ಮೆ ಕಾಯಿಸಿದೆ, ಅದೇ. ಅಂದಿನ ಸಂಧ್ಯಾವಂದನೆಯನ್ನು ಸಂಕ್ಷೇಪಿಸಿ, ಪತ್ನಿಯೊಡನೆ, ಪೆಟ್ರೋಲಿನ ಅಭಾವದಿಂದ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಮಂಡ್ಯದ ಬಸ್ಸು ಹತ್ತಿದೆ. ಏರಿನಲ್ಲಿ ಅದು ನಿಂತಾಗ ಗಂಡಸರೆಲ್ಲ ಇಳಿದು ತಳ್ಳಿದೆವು.

ಡಾಕ್ಟರು ಅವಳನ್ನು ಅಂದೇ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು, ಉಪ್ಪು ನಿಷಿದ್ಧವಾಯಿತು. "ದಿನವೂ ನೋಡಬೇಕಾಗುತ್ತೆ, ಶುಲ್ಕ ನಿಮಗೆ ಭಾರ. ಕಾಯಿಸೋದು ಬರುತ್ತಲ್ಲ, ನೀವೇ ಕಾಯಿಸಿ ನನಗೆ ತೋರಿಸಿ" ಎಂದರು. ಶಾಲೆಗೆ ರಜೆ ಬರೆದು, ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಪ್ರತಿದಿನ ಕಾಯಿಸಿದೆ. ಮೂರನೆಯ ವಾರದಲ್ಲಿ ಹೆಣ್ಣುಮಗು ಹುಟ್ಟಿತು, ಸಣ್ಣದು, ಆದರೆ ಗಟ್ಟಿ ದನಿಯದು. ನಳಿಗೆಯ ಬಿಳುಪು ಮಾತ್ರ ಇನ್ನೂ ಇತ್ತು. ಬಾಣಂತಿಯ ಗಂಡಾಂತರ ಕಳೆದಿರಲಿಲ್ಲ.

ಹೆರಿಗೆಯಾದ ಆರನೆಯ ದಿನ ಕಾಯಿಸಿ ಎತ್ತಿ ಹಿಡಿದಾಗ ಆಚೆಯ ಕಿಟಕಿಯ ಸರಳುಗಳು ನಳಿಗೆಯ ಮೂಲಕ ನಿಚ್ಚಳವಾಗಿ ಕಂಡವು. ಡಾಕ್ಟರು ನೋಡಿ ತಲೆದೂಗಿದರು. ಮಗುವಿಗೆ ಹಾಲೂಡಿಸುತ್ತಿದ್ದ ಪತ್ನಿಗೆ ತಿಳಿಸಿದೆ. ಅವಳು ತಲೆಯೆತ್ತದೆ, "ಹಾಗಾದ್ರೆ ನಾಳೆ ಸಾರಿಗೆ ಉಪ್ಪು ಹಾಕಬಹುದೇನೋ, ಕೇಳಿ" ಎಂದಳು.