ಬಿಳಿ ಅಂಚು

ಚಲುವಯ್ಯನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ. ಅವರ ಹೆಸರನ್ನು ಕತ್ತರಿಸಿ ಬಿಸಾಡಿದ ಕೈ ಇದೇ.

ಶಿವಾಜಿನಗರದಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಚಲುವಯ್ಯ ಪಕ್ಕದ ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷ ಮದುವೆ, ಪಾಸ್‌ಪೋರ್ಟ್ ಅಂತ ಫೋಟೋ ತೆಗೆದರು. ಫೋಟೋಗಳ ಹಿಂಬದಿಯ ಮುದ್ರೆ ಮಾತ್ರ ಸ್ಟುಡಿಯೋ ಮಾಲೀಕರದು. ಭಾನುವಾರ ತಮಗಾಗಿ ಕೆಲವು ತೆಗೆಯುತ್ತಿದ್ದರು: ಹಲಸೂರು ಕೆರೆ, ಕಾಕ್ಸ್‌ಟೌನಿನ ಬೇಕರಿ, ದೊಮ್ಮಲೂರಿನ ರಾಗಿ ಹೊಲ. ಆ ಹೊಲ ಒಂದು ಕಾಲಕ್ಕೆ ಅವರ ಮನೆಯದೇ. ಅಕ್ಷರ ಬಾರದ ಅಪ್ಪ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡಿದ್ದರು. ಆ ಸಿಟ್ಟಿಗೇ ಚಲುವಯ್ಯ ರಾತ್ರಿ ಶಾಲೆ ಸೇರಿ ಸಹಿ ಕಲಿತರು. ದೊಡ್ಡದೊಂದು 'ಚ', ಕೆಳಗೆ ಉದ್ದ ಗೆರೆ. ಕೊರಿಯರ್ ತಗೊಳ್ಳುವಾಗಲೂ ಅದೇ ಠೀವಿ.

"ನಮ್ಮ ವಂಶದಲ್ಲಿ ಇನ್ಮೇಲೆ ಹೆಬ್ಬೆಟ್ಟಿಲ್ಲ, ಬಷೀರ್ ಭಾಯ್," ಎನ್ನುತ್ತಿದ್ದರು.

ಹೋದ ವರ್ಷ ಇಂದಿರಾನಗರದ ಗ್ಯಾಲರಿಯೊಂದರ ಪ್ರಿಯಾ ಎಂಬ ಹುಡುಗಿ ಅವರ ಹನ್ನೊಂದು ಚಿತ್ರಗಳನ್ನು ಮಾರಾಟಕ್ಕಿಡಲು ಒಪ್ಪಿದಳು. ನೆಗೆಟಿವ್‌ಗಳು ಎಂದೋ ತೇವಕ್ಕೆ ಹಾಳಾಗಿದ್ದವು, ಉಳಿದದ್ದು ಈ ಹನ್ನೊಂದೇ. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಹಿ ಹಾಕಬೇಕು, ಶಾಯಿಯಾದರೆ ಹರಡುತ್ತದೆ ಎಂದು ಹೇಳಿಕೊಟ್ಟಿದ್ದಳಂತೆ. ಅಷ್ಟರಲ್ಲಿ ಚಲುವಯ್ಯನವರಿಗೆ ಕೈ ನಡುಗುವ ಕಾಯಿಲೆ ಬಂದಿತ್ತು. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಮಾತ್ರ ಕೈ ನಿಲ್ಲುತ್ತಿತ್ತು. ದಿನಕ್ಕೊಂದರಂತೆ ಹನ್ನೊಂದು ದಿನ ಸಹಿ ಮಾಡಿ, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ನನ್ನ ಅಂಗಡಿಗೆ ತಂದರು.

"ಧೂಳು ತಾಗ್ಬಾರ್ದು ಭಾಯ್. ನಿಮ್ಮನ್ನ ಬಿಟ್ರೆ ಇನ್ಯಾರ ಕೈಗೂ ಕೊಡಲ್ಲ."

ಸಹಿಯ ವಿಷಯ ಅವರು ಹೇಳಲಿಲ್ಲ, ನಾನು ನೋಡಲೂ ಇಲ್ಲ. ದೇವರ ಪಟವಿರಲಿ, ಮೆಕ್ಕಾ ಚಿತ್ರವಿರಲಿ, ಬಿಳಿ ಅಂಚು ಕಂಡರೆ ನಮ್ಮ ಗಿರಾಕಿ ಮುಖ ಸಿಂಡರಿಸುತ್ತಾನೆ. ಅದನ್ನು ಕೊಯ್ದು ಬಿಸಾಡುವುದೇ ಕಸುಬಿನ ರೂಢಿ. ಹನ್ನೊಂದರ ಅಂಚನ್ನೂ ಕೊಯ್ದು, ಕಟ್ಟು ಹಾಕಿ, ಗಾಜು ಫಳಫಳ ಉಜ್ಜಿ, ಶಹಬ್ಬಾಸ್‌ಗಿರಿಗೆ ಕಾಯುತ್ತ ಕೂತೆ. ನನ್ನ ಕೈ ಸೇದಿಹೋಗಲಿ.

"ಸಹಿ ಎಲ್ಲಿ ಭಾಯ್?" ಎಂದರು ಚಲುವಯ್ಯ.

ಕಸದ ಗಾಡಿ ಆ ಬೆಳಿಗ್ಗೆಯೇ ಬಂದುಹೋಗಿತ್ತು. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಬೈಯಲಿಲ್ಲ. ಚಿತ್ರಗಳ ಸುತ್ತ ಹೊಸದಾಗಿ ಬಿಳಿ ರಟ್ಟಿನ ಅಂಚು ಕೂರಿಸಿದೆ. ಅದರ ಮೇಲೆ ಸಹಿ ಮಾಡಲೆಂದು ಹದಿನೈದು ದಿನ ಚೂರು ರಟ್ಟುಗಳ ಮೇಲೆ ಹೆಣಗಿದರು. ಮಾತ್ರೆ ಕೆಲಸ ಬಿಟ್ಟಿತ್ತು. 'ಚ' ಸುತ್ತುವಷ್ಟರಲ್ಲಿ ಪೆನ್ಸಿಲ್ ಕೈಯಿಂದ ಜಾರುತ್ತಿತ್ತು.

ಪ್ರಿಯಾ ಅಂಗಡಿಗೇ ಬಂದಳು. "ಅಂಕಲ್, ಸೈನ್ ಇಲ್ದೆ ಇಡಕ್ಕಾಗಲ್ಲ. ಹೆಬ್ಬೆಟ್ಟು ಒತ್ಬಿಡಿ. ಅದನ್ನ ಯಾರೂ ಕಾಪಿ ಮಾಡಕ್ಕೂ ಆಗಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಾಪ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಅವಳಿಗಲ್ಲ, ನನಗೆ.

ಚಲುವಯ್ಯ ದೊಮ್ಮಲೂರಿನ ಹೊಲವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಇಂಕ್ ಪ್ಯಾಡ್ ಕೇಳಿದರು. ಹೆಬ್ಬೆರಳೂ ನಡುಗುತ್ತಿತ್ತು. ಹನ್ನೊಂದು ಸಲವೂ ಅವರ ಮಣಿಕಟ್ಟು ಹಿಡಿದು ಒತ್ತಿಸಿದವನು ನಾನೇ.

ಮೊದಲ ವಾರದಲ್ಲೇ ಎಲ್ಲ ಮಾರಿಹೋದವು. ಬಂದವರೆಲ್ಲ ಆ ಹೆಬ್ಬೆಟ್ಟನ್ನೇ ಹೊಗಳಿದರಂತೆ. ಸುದ್ದಿ ಹೇಳಲು ಚಲುವಯ್ಯನವರ ಮನೆಗೆ ಹೋದೆ.

"ಹೊಲದ್ದು ಯಾರು ತಗೊಂಡ್ರು?"

"ದೊಮ್ಮಲೂರಲ್ಲಿ ಆಫೀಸಿರೋರು ಯಾರೋ."

ತಮ್ಮ ನಡುಗುವ ಕೈಯನ್ನು ತೊಡೆಯಡಿ ಇಟ್ಟುಕೊಂಡರು. ನನ್ನ ಮುಖ ನೋಡಲಿಲ್ಲ.

"ಅವತ್ತು ನಮ್ಮಪ್ಪನ ಕೈ ಹಿಡ್ಕೊಂಡು ಒತ್ತಿಸಿದ್ದೂ ನಮಗೆ ಬೇಕಾದೋರೇ, ಭಾಯ್."