ಮುದುಕಿ ಇಂಜಿನಿನ ನೀರು

ಓಯ್, ಹೊಳೆಯ ಸಂಕದ ಆಚೆ ಬದಿಯವರೇ, ಸ್ವಲ್ಪ ಈಚೆ ಬನ್ನಿ ಮಾರಾಯ್ರೆ. ಪಂಪಿನ ಉಗ್ಗಪ್ಪನ ಕಥೆ ಉಂಟು, ಕೇಳಿಯೇ ಹೋಗಿ.

ಶಿರಿಯ ಹೊಳೆಯ ಹತ್ತಿರದ ಸಣ್ಣ ಸ್ಟೇಷನ್ನಿನಲ್ಲಿ ಉಗ್ಗಪ್ಪನಿಗೆ ಒಂದೇ ಕೆಲಸ. ಬಾವಿಯ ನೀರನ್ನು ಕೈಪಂಪಿನಿಂದ ಎತ್ತರದ ಕಬ್ಬಿಣದ ತೊಟ್ಟಿಗೆ ಏರಿಸಬೇಕು. ಇಂಜಿನು ಬಂದು ನಿಂತಾಗ ಹಳಿಯ ಪಕ್ಕದ ಕಂಬದಿಂದ ಚರ್ಮದ ಕೊಳವೆ ಎಳೆದು ಅದರ ಹೊಟ್ಟೆ ತುಂಬಿಸಬೇಕು. ತುಂಬಿದ ಮೇಲೆ ಇಂಜಿನಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಸಾಕು, ಹೊರಡು ಎಂದು ಅದರ ಅರ್ಥ.

ಅವನಿಗೆ ಹೆಚ್ಚು ಬಳಕೆಯಿದ್ದದ್ದು ಎಲ್ಲರೂ ಮುದುಕಿ ಎಂದು ಕರೆಯುತ್ತಿದ್ದ ಇಂಜಿನಿನದ್ದು. ಈ ಹಳಿ ಹಾಕುವ ಕಾಲಕ್ಕೆ ಇಂಗ್ಲೆಂಡಿನಿಂದ ಹಡಗಿನಲ್ಲಿ ತುಂಡು ತುಂಡಾಗಿ ಬಂದಿತ್ತು ಅದು. ಹೊಳೆಗೆ ಸಂಕ ಕಟ್ಟಿದ ಕಲ್ಲನ್ನೆಲ್ಲ ಎಳೆದದ್ದು ಅದೇ. ಆ ಕಲ್ಲು ಇಳಿಸಿದವರಲ್ಲಿ ಉಗ್ಗಪ್ಪನ ಅಪ್ಪನೂ ಒಬ್ಬ. ಆಮೇಲೆ ಜನರನ್ನು ಎಳೆಯಿತು, ಹೊಸ ಇಂಜಿನುಗಳು ಬಂದ ಮೇಲೆ ಸಾಮಾನು, ಕೊನೆಗೆ ಬರೀ ಜಲ್ಲಿ. ಮೂವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಅದರ ಬೆಂಕಿ ಆರಿಸಿ, ಇನ್ನೊಂದು ಇಂಜಿನಿನ ಹಿಂದೆ ಕಟ್ಟಿ, ಒಡೆಯಲು ಕೊಂಡುಹೋದರು.

ವಾರ ಕಳೆಯಲಿಲ್ಲ, ತೊಟ್ಟಿಯ ನೀರು ಇಳಿಯತೊಡಗಿತು. ದಿನಾ ನಡು ಮಧ್ಯಾಹ್ನ, ಹಳಿಯ ಮೇಲೆ ಒಂದು ಕಾಗೆಯೂ ಇಲ್ಲದ ಹೊತ್ತಿಗೆ. ಮುದುಕಿ ಕುಡಿಯುತ್ತಿದ್ದಷ್ಟೇ, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಳಗೆ ಸೋರಿದ ಗುರುತೂ ಇಲ್ಲ.

ಸ್ಟೇಷನ್ ಮಾಸ್ಟರ್ ಹರಿನಾರಾಯಣರು ಅವನನ್ನು ಕರೆದರು.

"ನಮ್ಮದು ಬಿಟ್ಟು ಊರಿನ ಬಾವಿಯೆಲ್ಲ ಉಪ್ಪು. ನೀನು ಯಾರಿಗೆ ನೀರು ಬಿಡ್ತಾ ಇದ್ದೀಯ, ಹೇಳು."

"ಇಲ್ಲ ಸ್ವಾಮಿ. ಬಿಡುವವನಾಗಿದ್ರೆ ನನ್ನ ಹೆಂಡತಿ ಯಾಕೆ ಮೈಲಿ ನಡೆದು ನೀರು ತರುವುದು?"

"ಅದೆಲ್ಲ ಬೇಡ. ಮೇಲಿನವರಿಗೆ ಕಾಗದ ಬರೆದು ಇಟ್ಟಿದ್ದೇನೆ. ನಾಳೆಯೂ ಇಳಿದರೆ ಕಳಿಸುವವನೇ. ಮತ್ತೆ ನೀನು ಮನೆಯಲ್ಲಿ ಕೂತು ಪಂಪು ಹೊಡಿ."

ಮರುದಿನ ಹೆಂಡತಿ ಸುಂದರಿ ಗಂಜಿ ತಂದಾಗ ಉಗ್ಗಪ್ಪ ತೊಟ್ಟಿಯನ್ನೇ ದಿಟ್ಟಿಸುತ್ತ ಕೂತಿದ್ದ.

"ಎಂತ ಅದು, ಹೆಣ್ಣು ನೋಡ್ಲಿಕ್ಕೆ ಬಂದವರ ಹಾಗೆ?"

ಅವನು ಎಲ್ಲವನ್ನೂ ಹೇಳಿದ. ಅವಳ ನಗೆ ಆರಿತು.

"ಮುದುಕಿ ಹೋಗುವ ದಿನ ನೀರು ಕೊಟ್ಟಿದ್ರಾ?"

"ಬೆಂಕಿಯೇ ಇಲ್ಲದ್ದಕ್ಕೆ ನೀರು ಎಂತಕ್ಕೆ? ಬೇಡ ಅಂದ್ರು, ಬಿಟ್ಟೆ."

"ಕಂಬದ ಅಡಿಯಲ್ಲಿ ನಿಂತಿತ್ತಾ?"

"ನಿಂತಿತ್ತು. ತುಂಬಾ ಹೊತ್ತು."

"ಸಾಯುವವರ ಬಾಯಿಗೆ ಎರಡು ತೊಟ್ಟು ನೀರು ಬಿಡ್ತೇವಲ್ಲ. ನೀವು ಅದನ್ನು ಒಣ ಬಾಯಿಯಲ್ಲಿ ಕಳಿಸಿದ್ರಿ."

ಉಗ್ಗಪ್ಪ ಎದ್ದ. ಕೊಳವೆಯನ್ನು ಖಾಲಿ ಹಳಿಯ ಮೇಲೆ ತಿರುಗಿಸಿ ನೀರು ಬಿಟ್ಟ. ಕಳ್ಳನನ್ನು ಹಿಡಿಯಲೆಂದು ಮಾಸ್ಟರ್ ಬಾಗಿಲಿಗೆ ಓಡಿಬಂದವರು ಅಲ್ಲೇ ನಿಂತರು. ನೀರು ಧೋ ಎಂದು ಸುರಿದು, ಆಳೆತ್ತರದಲ್ಲಿ ಮಾಯವಾಗುತ್ತಿತ್ತು. ಕೆಳಗಿನ ಜಲ್ಲಿ ಒಣಗಿಯೇ ಇತ್ತು. ದೊಡ್ಡ ಪಾತ್ರೆಯೊಂದು ತುಂಬುವ ಸದ್ದು ಮೆಲ್ಲ ಮೆಲ್ಲ ಏರುತ್ತ ಬಂದು, ಕೊನೆಗೆ ತುಳುಕುವ ಸದ್ದಾಯಿತು. ಉಗ್ಗಪ್ಪ ನೀರು ನಿಲ್ಲಿಸಿದ.

ಆಮೇಲೆ ಮಾಸ್ಟರ್ ಮೆಲ್ಲಗೆ ಹೇಳಿದರು, "ತಟ್ಟು ಉಗ್ಗಪ್ಪ. ಅದು ಕಾಯ್ತಾ ಉಂಟು."

ಅವನು ಖಾಲಿ ಜಾಗಕ್ಕೆ ಕೈ ಚಾಚಿ ಎರಡು ಸಲ ತಟ್ಟಿದ. ಬಿಸಿ ಕಬ್ಬಿಣ ತಾಗಿತು. ಸುಂದರಿಯ ಸೆರಗನ್ನು ಎಳೆಯುವಂತೆ ಗಾಳಿಯೊಂದು ಸಂಕದ ಕಡೆಗೆ ಹಾದುಹೋಯಿತು.

ಮಾಸ್ಟರ್ ಕಾಗದ ಹರಿದರು. ಮತ್ತೆಂದೂ ನೀರು ಇಳಿಯಲಿಲ್ಲ. ಉಗ್ಗಪ್ಪ ಇನ್ನೂ ಹನ್ನೆರಡು ವರ್ಷ ಅದೇ ಪಂಪು ಹೊಡೆದ. ತಟ್ಟಿದ ದಿನದ ಸಂಜೆ ಮಾತ್ರ ಮನೆಗೆ ಹೋಗುವ ಮೊದಲು ಹೊಳೆಗೆ ಇಳಿದು, ಅಂಗೈಗೆ ಅಂಟಿದ್ದ ಮಸಿಯನ್ನು ಮರಳಿನಿಂದ ತಿಕ್ಕಿ ತಿಕ್ಕಿ ತೊಳೆದ.