ಗೋಡೆಯಾಚೆಯ ಕೆಮ್ಮು

ಕೆಲಿಮುತು ಬೆಟ್ಟದ ನೆತ್ತಿಯಲ್ಲಿ ಮೂವತ್ತು ವರ್ಷದಿಂದ ಶುಂಠಿ ಕಾಫಿ ಮಾರುತ್ತಿದ್ದ ಗಾಸ್ಪರ್ ವಾರಾನನ್ನು ಯಾರಾದರೂ ಕಾಫಿಯವನು ಎಂದರೆ ಅವನಿಗೆ ನೋವಾಗುತ್ತಿತ್ತು. ಜ್ವಾಲಾಮುಖಿಯಾದ ಆ ಬೆಟ್ಟ ಒಳಗೊಳಗೇ ಕುದಿಯುತ್ತಿತ್ತು. ಅದರ ಮೂರು ಬಾಯಿಗಳಲ್ಲಿ ಮೂರು ಕೆರೆ. ಮುದುಕರಾಗಿ ಸತ್ತವರ ಜೀವ ದೂರದ ಒಂಟಿ ಕೆರೆಗೆ, ವಯಸ್ಸಾಗದೆ ಸತ್ತವರದು ಹಸಿರು ಕೆರೆಗೆ, ಮಾಟಗಾರರದೂ ಕೆಡುಕರದೂ ಅದರ ಪಕ್ಕದ ಕೆಂಗಪ್ಪು ಕೆರೆಗೆ. ಈ ಎರಡರ ನಡುವೆ ಬರೀ ಒಂದು ತೆಳು ಕಲ್ಲುಗೋಡೆ. ಊರಲ್ಲಿ ಯಾರು ಸತ್ತರೂ ಯಾವ ಕೆರೆಯೆಂದು ತೀರ್ಪು ಕೊಡುವವನು ಗಾಸ್ಪರ್. ಕೇಳದಿದ್ದರೂ ಕೊಡುತ್ತಿದ್ದ. ತನ್ನ ಜಾಗ ಮುದುಕರ ಕೆರೆಯಲ್ಲಿ, ಅದೂ ಮುಂದಿನ ಸಾಲಿನಲ್ಲಿ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅವನಿಗೆ ಅರವತ್ತೇಳಾದಾಗ ಹೆಂಡತಿ ರೊಫಿನಾ ನಲವತ್ನಾಲ್ಕಕ್ಕೇ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಪ್ರತಿ ಆಗಸ್ಟ್‌ನಲ್ಲಿ ಊರವರು ಸತ್ತವರನ್ನು ಕರೆದು ಉಣಬಡಿಸುವ ದಿನ ಗಾಸ್ಪರ್ ಅನ್ನ, ಹಂದಿಮಾಂಸದ ತಟ್ಟೆ ಹಿಡಿದು ಬೆಟ್ಟದ ಮೇಲೆ ಮಂಜಿನಲ್ಲಿ ನಿಂತ.

ಪಕ್ಕದಲ್ಲಿ ಶಾಲು ಮಾರುವ ಯೂಫ್ರಾಸಿಯಾ ಕೇಳಿದಳು, "ಅಣ್ಣ, ಯಾವ ಕಡೆ ತಿರುಗಿ ಕರೀತೀಯ?"

"ಮುದುಕರ ಕೆರೆ ಕಡೆ. ನಾಳೆ ನಾನೂ ಅಲ್ಲಿಗೇ ತಾನೆ ಹೋಗೋದು?"

"ಅವಳೆಲ್ಲಿ ಮುದುಕಿ? ಅವಳನ್ನ ಮುದುಕಿ ಮಾಡಿದ್ದು ನಿನ್ನ ಬಾಯೊಂದೇ."

ಗಾಸ್ಪರ್ ಒಂಟಿ ಕೆರೆಯತ್ತ "ರೊಫಿನಾ" ಎಂದು ಕೂಗಿದ. ಗಂಧಕದ ವಾಸನೆಯ ಹೊರತು ಏನೂ ಬರಲಿಲ್ಲ. ಮತ್ತೆ ಕೂಗಿದ. ಕೊನೆಗೆ ಅಭ್ಯಾಸಬಲದಿಂದ, "ಏ ಮುದುಕೀ, ಎಲ್ಲಿ ಸತ್ತೆ?" ಎಂದುಬಿಟ್ಟ.

ಬೆನ್ನ ಹಿಂದೆ, ಹಸಿರು ಕೆರೆಯ ಕಡೆಯಿಂದ, ಕೆಮ್ಮು ಕೇಳಿಸಿತು. ಒಂದು ಗಿಡ್ಡ, ಒಂದು ಉದ್ದ. ಎರಡು ವರ್ಷ ಅವನ ನಿದ್ದೆಗೆಡಿಸಿದ್ದ ಅದೇ ಕೆಮ್ಮು. ಯೂಫ್ರಾಸಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಮರುದಿನದಿಂದ ಗಾಸ್ಪರ್ ಕಾಫಿಗೆ ಹುರಿದ ಜೋಳದ ಪುಡಿ ಬೆರೆಸತೊಡಗಿದ. ಪಾದ್ರಿಯನ್ನು ಬೈದ. ಭಾನುವಾರದ ಪೂಜೆಯಲ್ಲಿ ಗೊರಕೆ ಹೊಡೆದ.

"ಈ ವಯಸ್ಸಲ್ಲಿ ಏನಣ್ಣ ಇದು?" ಎಂದಳು ಯೂಫ್ರಾಸಿಯಾ.

ಅವನು ಗದ್ದದಿಂದಲೇ ಕೆಂಗಪ್ಪು ಕೆರೆಯನ್ನು ತೋರಿಸಿದ. "ಅಲ್ಲಿಗೆ ಹೋದ್ರೆ ಗೋಡೆಯಾಚೆ ಅವಳಿರ್ತಾಳೆ ಕಣೇ. ಮುದುಕರ ಕೆರೆಗೆ ಕೆಮ್ಮು ಕೇಳ್ಸಲ್ಲ."

"ಜೋಳ ಬೆರೆಸಿದವರನ್ನೆಲ್ಲ ಅಲ್ಲಿಗೆ ಸೇರಿಸ್ಕೊಳ್ಳಲ್ಲ!"

"ಮತ್ತೇನು ಮಾಡ್ಲಿ, ನೀನೇ ಹೇಳು."

ಗಾಸ್ಪರ್ ಇನ್ನೊಬ್ಬರ ತೀರ್ಪು ಕೇಳಿದ್ದು ಅದೇ ಮೊದಲು. ಯೂಫ್ರಾಸಿಯಾ ಬಾಯಿ ತೆರೆಯುವಷ್ಟರಲ್ಲಿ ಮಂಜಿನೊಳಗೆ ಯಾರೋ ಕೆಮ್ಮಿದರು. ಒಂದು ಗಿಡ್ಡ, ಒಂದು ಉದ್ದ.